ಶನಿವಾರ ಬಂದ ಕಬ್ಬಿಣ

ಅವತ್ತು ಬೆಳಿಗ್ಗೆ ಮದ್ದೂರಿನಲ್ಲಿ ನಮ್ಮ ಸೋದರಮಾವನ ಮನೆ ಮುಂದೆ ಐದು ಜನ ಇದ್ದೆವು. ಬನಿಯನ್ನಿನ ಮೇಲೆ ಟವೆಲು ಹಾಕಿಕೊಂಡ ಮಾವ. ಹೊಸ್ತಿಲಿನೊಳಗೇ ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತ ಅತ್ತೆ. ಕಾಫಿ ಲೋಟದ ಸಮೇತ ರಸ್ತೆ ದಾಟಿ ಬಂದಿದ್ದ ಎದುರುಮನೆಯ ನಿವೃತ್ತ ಬಸ್ ಕಂಡಕ್ಟರು. ಮಳವಳ್ಳಿಯಿಂದ ಬಂದಿದ್ದ ಗೂಡ್ಸ್ ಗಾಡಿಯ ಡ್ರೈವರು. ಮತ್ತೆ ನಾನು. ಗಾಡಿಯ ಮೇಲೆ ಬೀರುವಿನಂಥ ಎರಡು ಕರಿ ಕಬ್ಬಿಣದ ಪೆಟ್ಟಿಗೆಗಳನ್ನು ಹಗ್ಗ ಬಿಗಿದು ಮಲಗಿಸಿದ್ದರು. ಗಾಡಿ ಬಂದು ನಿಂತು ಒಂದು ಕಾಫಿ ಮುಗಿದು ಎರಡನೆಯದು ಬಂದಿದ್ದರೂ ಯಾರೂ ಅವಕ್ಕೆ ಕೈಹಚ್ಚಿರಲಿಲ್ಲ. ಯಾಕೆಂದರೆ ಅವತ್ತು ಶನಿವಾರ.

ಶನಿವಾರ ಮನೆಗೆ ಕಬ್ಬಿಣ ತರಬಾರದು ಅನ್ನುವುದನ್ನು ನಮ್ಮ ಕಡೆ ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ತಾನಾಗಿ ಬಂದುಬಿಡುತ್ತದೆ. ಚಿಕ್ಕವನಿದ್ದಾಗ ನಾನೊಂದು ಶನಿವಾರ ಅಂಗಡಿಯಿಂದ ದಬ್ಬಳ ತಂದೆನೆಂದು ನಮ್ಮಜ್ಜಿ ಅದನ್ನು ಭಾನುವಾರದ ತನಕ ಬೇಲಿಗೆ ಚುಚ್ಚಿಡಿಸಿದ್ದರು. ಆ ಅಜ್ಜಿಯ ಸೊಸೆ ನಮ್ಮ ಅತ್ತೆ.

"ಸುಕ್ರವಾರ ಅಂದಿದ್ದಲ್ಲಪ್ಪ ನೀನು?" ಮಾವ ಡ್ರೈವರನ್ನು ಕೇಳಿದರು.

"ಬಂಡೂರಿಂದ ಕುರಿ ಬಾಡ್ಗೆ ಸಿಕ್ತು ಮೇಸ್ತ್ರಿ. ಜೀವ ಇರೋವು, ಅವನ್ನ ಕಾಯ್ಸಕ್ಕಾಯ್ತದಾ? ಕಬ್ಣ ಕಾಯ್ತದೆ ಅಂತ ಅವನ್ನ ಮೊದ್ಲು ಬುಟ್ಟು ಬಂದೆ."

"ಕಾಯ್ತದಲ್ವಾ? ಅಂಗಾರೆ ಇನ್ನೊಂದ್ ದಿನ ಬೀದೀಲೇ ಕಾಯ್ಲಿ," ಅಂದರು ಅತ್ತೆ ಒಳಗಿನಿಂದ.

ಮಾವನಿಗೆ ಕಾಯುವಷ್ಟು ಪುರಸೊತ್ತಿರಲಿಲ್ಲ. ಅವರು ನಿಡಘಟ್ಟದ ಕಡೆ ಹಳೇ ರಸ್ತೆಯಲ್ಲಿ ಪಂಪು, ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದವರು. ಹೊಸ ಹೆದ್ದಾರಿ ಊರಾಚೆ ಬಳಸಿ ಹೋದ ಮೇಲೆ ಆ ಸಾಲೆಲ್ಲ ತಣ್ಣಗಾಯಿತು. ಕಟ್ಟಡದವರು ಮಳಿಗೆ ಬಿಡಿಸಿಕೊಂಡರು. ಸ್ಪಾನರು, ಕಬ್ಬಿಣ ಕಚ್ಚಿ ಹಿಡಿಯುವ ವೈಸು, ಭಾರ ಎತ್ತುವ ಚೈನ್ ಪುಲ್ಲಿ, ತಂತಿ ಸುತ್ತುವ ವೈಂಡಿಂಗ್ ಯಂತ್ರ, ಡಬ್ಬ ಡಬ್ಬ ಬೇರಿಂಗು, ಎಲ್ಲವನ್ನೂ ಮಾವ "ಸದ್ಯಕ್ಕೆ" ಅಂತ ತಂದು ಮನೆಯ ಒಂದು ಕೋಣೆಗೆ ತುಂಬಿದರು. ಆ ಸದ್ಯಕ್ಕೆ ಅನ್ನುವುದು ಯುಗಾದಿ ಕಳೆದು ಗೌರಿಹಬ್ಬ ಮುಟ್ಟಿತ್ತು. ಅದು ಮಗಳ ಕೋಣೆ. ಮಗಳು ಬುಧವಾರ ಹೆರಿಗೆಗೆ ಬರುವವಳಿದ್ದಳು. ಅತ್ತೆ ಒಂದೇ ಮಾತು ಹೇಳಿದ್ದರು: ಸೋಮವಾರ ಬೆಳಿಗ್ಗೆಗೆ ಕೋಣೆ ಖಾಲಿಯಾಗಬೇಕು, ಉಳಿದದ್ದು ಗುಜರಿಗೆ. ಬರೀ ಹೇಳಿರಲಿಲ್ಲ, ಗುಜರಿಯವನಿಗೆ ಫೋನೂ ಮಾಡಿದ್ದರು.

ಮನೆ ಪಕ್ಕದಲ್ಲಿ ಕಾರಿನ ಷೆಡ್ಡು ಖಾಲಿ ಇತ್ತು. ಆದರೆ ನೆಲವೆಲ್ಲ ತೇವ, ನೆಲಕ್ಕಿಟ್ಟ ಕಬ್ಬಿಣ ವಾರದಲ್ಲಿ ತುಕ್ಕು. ಗೋಡೆಗೆ ಮೊಳೆ ಹೊಡೆದರೆ ಇಟ್ಟಿಗೆಯೇ ಪುಡಿಯಾಗಿ ಉದುರುತ್ತಿತ್ತು. ಆಗ ಮಳವಳ್ಳಿಯ ಹಳೇ ಸಾಮಾನಿನ ಅಂಗಡಿಯಲ್ಲಿ ನನ್ನ ಕಣ್ಣಿಗೆ ಬಿದ್ದವು ಇವು: ಸರ್ವರ್ ರ‍್ಯಾಕುಗಳು. ಕಚೇರಿಗಳಲ್ಲಿ ಕಂಪ್ಯೂಟರಿನ ದೊಡ್ಡ ಯಂತ್ರಗಳನ್ನು ಒಂದರ ಮೇಲೊಂದು ಕೂರಿಸಿ ಬೀಗ ಹಾಕುತ್ತಾರಲ್ಲ, ಆ ಚೌಕಟ್ಟು. ಯಾವುದೋ ಆಫೀಸು ಹೊಸದು ತಂದು ಹಳೆಯವನ್ನು ಎಸೆದಿತ್ತು. ಆಳುದ್ದಕ್ಕಿಂತ ಎತ್ತರ, ಮೂಲೆಯ ಕಂಬಗಳಿಗೆ ಮೇಲಿಂದ ಕೆಳಗಿನ ತನಕ ಚೌಕ ತೂತು, ಜರಡಿಯಂಥ ಬಾಗಿಲು, ಕೆಳಗೆ ಪುಟ್ಟ ಪುಟ್ಟ ಚಕ್ರ. ಫೋನಿನಲ್ಲಿ ಫೋಟೊ ಕಳಿಸಿದಾಗ ಮಾವ ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ್ದರಂತೆ.

"ಚಕ್ರ ಅದೆ ಕಣಮ್ಮಿ," ಮಾವ ಹೊಸ್ತಿಲ ಕಡೆ ತಿರುಗಿ ಕೊನೆಯ ದಾಳ ಹಾಕಿದರು. "ಇದು ಕಬ್ಣ ಅಲ್ಲ, ಗಾಡಿ ಲೆಕ್ಕ."

"ಗಾಡಿನ ಯಾವನ್ ತತ್ತಾನೆ ಸನಿವಾರ? ನಿಮ್ ಸ್ಕೂಟ್ರು ತರಕ್ಕೋಗಿ ಸನಿವಾರ ಅಂತ ಬರಿಗೈಲಿ ವಾಪಸ್ ಬಂದಿದ್ದು ನೀವೇ ತಾನೆ?"

"ಸೋತೆ ಕಣ್ಲಾ," ಅಂದರು ಕಂಡಕ್ಟರು. "ಇಲ್ಲೇ ಇಳ್ಕೊಂಬುಡು. ಮುಂದ್ಕೆ ಟಿಕೆಟ್ ಇಲ್ಲ."

ಅತ್ತೆ ನಗಲಿಲ್ಲ. ದನಿ ಇಳಿಸಿ, "ಉಡ್ಗಿ ತುಂಬ್ದ ಬಸ್ರಿ. ಬ್ಯಾರೆ ಓತ್ನಲ್ಲಾಗಿದ್ರೆ ನಾನೂ ಕಣ್ಮುಚ್ಕೊತಿದ್ದೆ," ಅಂದರು. ರ‍್ಯಾಕುಗಳನ್ನು ಇಳಿಸಿ ಚರಂಡಿಯಾಚೆ, ರಸ್ತೆ ಮಗ್ಗುಲಿಗೆ ನಿಲ್ಲಿಸಿದೆವು. ಡ್ರೈವರು ಕುರಿ ವಾಸನೆಯ ಗಾಡಿಯನ್ನು ತಿರುಗಿಸಿಕೊಂಡು ಹೋದ.

ಮಾವ ಮನೆಯಿಂದ ರ‍್ಯಾಕಿಗೆ, ರ‍್ಯಾಕಿನಿಂದ ಷೆಡ್ಡಿಗೆ, ಷೆಡ್ಡಿನಿಂದ ಕೋಣೆಗೆ ತಿರುಗತೊಡಗಿದರು. ಕೂತರೆ ಎದ್ದರು, ಎದ್ದರೆ ಏನಕ್ಕೆ ಎದ್ದೆ ಅಂತ ನಿಂತರು. ಟೇಪು ಹಿಡಿದು ಷೆಡ್ಡಿನ ಬಾಗಿಲು ಅಳೆದರು. ಅಳತೆ ಮರೆತು ಮತ್ತೆ ಅಳೆದರು. ಅವರನ್ನು ನೋಡಿ ನೋಡಿ ನನ್ನ ಕಾಲೂ ನಿಂತಲ್ಲಿ ನಿಲ್ಲಲಿಲ್ಲ. ಬೀದಿಯ ಜನಕ್ಕೆ ಮಾತ್ರ ಒಳ್ಳೇ ಹೊತ್ತು ಹೋಯಿತು. ಹೂವಿನಾಕೆ ಬುಟ್ಟಿ ಇಳಿಸಿ, "ಏನಕ್ಕಾ, ಇಷ್ಟ್ ದೊಡ್ ಫ್ರಿಜ್ಜು? ಬಾಣಂತನಕ್ಕಾ?" ಅಂತ ಅತ್ತೆಯನ್ನು ಕೇಳಿದಳು. ಹಾಲಿನವನಿಗೆ ಬೇರೆ ಅನುಮಾನ: "ಇದ್ರೊಳ್ಗೆ ಇನ್ನೂ ಇಂಟರ್ನೆಟ್ ಇದ್ದದಾ?"

"ತಲೆ ಆಕಿ ನೋಡ್ಲಾ," ಅಂದರು ಕಂಡಕ್ಟರು. "ಸಿಗ್ನಲ್ ಬಂದ್ರೆ ಏಳು."

ಬಿಸಿಲು ಏರುವ ಹೊತ್ತಿಗೆ ಮಾವ ಇದ್ದಕ್ಕಿದ್ದಂತೆ ನಿಂತರು. "ಲೇ ಅಳಿಯ, ಸನಿವಾರ ಕಬ್ಣ ಒಳಕ್ಕೆ ಬರಬಾರ್ದು, ಸರಿ. ಒಳಗಿರೋ ಕಬ್ಣ ಈಚೆಗೆ ಓಗಬಾರ್ದು ಅಂತ ಅದಾ?"

ಒಳಗೆ ಹೋಗಿ ಅತ್ತೆಯನ್ನು ಕೇಳಿದೆ. ಅವರು ಒಲೆ ಸಣ್ಣಗೆ ಮಾಡಿ, "ಓಗ್ಲಿ ಬುಡು, ಓದಷ್ಟೂ ಒಳ್ಳೇದು," ಅಂದರು.

ಆಮೇಲೆ ನೋಡಬೇಕಿತ್ತು ಮಾವನನ್ನು. ಬೀದಿಯಲ್ಲೇ ರ‍್ಯಾಕು ತುಂಬಿಸಿಟ್ಟು, ಭಾನುವಾರ ಚಕ್ರದ ಮೇಲೆ ಷೆಡ್ಡಿಗೆ ನೂಕಿದರಾಯಿತು ಅನ್ನುವುದು ಅವರ ಲೆಕ್ಕ. ಕಂಬದ ಚೌಕ ತೂತುಗಳಿಗೆ ಹಾಕುವ ಪುಟ್ಟ ನಟ್ಟುಗಳು ರ‍್ಯಾಕಿನ ಜೊತೆ ಬಂದಿರಲಿಲ್ಲ. ದಪ್ಪ ವಾಷರು ಕೊಟ್ಟು ಬೋಲ್ಟು ಬಿಗಿದು ಕಬ್ಬಿಣದ ಪಟ್ಟಿ ಕೂರಿಸಿದರು. ಪಟ್ಟಿಯ ಮೇಲೆ ಹಳೇ ಅಂಗಡಿಯ ಹಲಗೆ. ಜರಡಿ ಬಾಗಿಲನ್ನು ಕಂಡು ಅವರಿಗೆ ಆದ ಖುಷಿ ಅಷ್ಟಿಷ್ಟಲ್ಲ. ವೆಲ್ಡಿಂಗ್ ಕಡ್ಡಿಗಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ತೂತಿಗೆ ಸಿಕ್ಕಿಸಿದರು. ಸ್ಪಾನರುಗಳೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ನೇತುಬಿದ್ದವು. ನಾನು ಕೋಣೆಯಿಂದ ಹೊತ್ತು ತರುವುದು, ಅವರು ಜೋಡಿಸುವುದು, ಕಂಡಕ್ಟರು ಕುರ್ಚಿ ಹಾಕಿಕೊಂಡು ತಪ್ಪು ತೆಗೆಯುವುದು. ಕೋಣೆಯ ನೆಲ ಕಾಣತೊಡಗಿತು. ಆದರೂ ಮಾವನಿಗೆ ಸಮಾಧಾನವಿಲ್ಲ. ಇಟ್ಟದ್ದನ್ನು ತೆಗೆದರು, ತೆಗೆದದ್ದನ್ನು ಬೇರೆ ಕಡೆ ಇಟ್ಟರು, ನಡುನಡುವೆ ಆಕಾಶ ನೋಡಿದರು. ಪಡುವಲಲ್ಲಿ ಮೋಡ ಕಟ್ಟುತ್ತಿತ್ತು.

ಮಧ್ಯಾಹ್ನದ ಮೇಲೆ ಒಬ್ಬ ರೈತ ಮೊಪೆಡ್ಡಿನ ಹಿಂದೆ ಪಂಪು ಕಟ್ಟಿಕೊಂಡು ಆ ದಾರಿಯಲ್ಲಿ ಹೋಗುತ್ತಿದ್ದವನು ರ‍್ಯಾಕು ನೋಡಿ ಬ್ರೇಕು ಹಾಕಿದ.

"ಮೇಸ್ತ್ರಿ, ನೀವಾ! ಅಂಗ್ಡಿ ಬಾಗ್ಲಾಕ್ಬುಟ್ಟವ್ರೆ, ಎಲ್ಲೋದ್ರೋ ಗೊತ್ತಿಲ್ಲ ಅಂದ್ರು ಅಲ್ಲಿ."

"ಎಲ್ಲಿಗೋಗ್ಲಿ? ಇಲ್ಲೇ ಅವ್ನಿ. ಏನಾಗದೆ?"

"ಬೇರಿಂಗು ಇಡ್ಕೊಂಡದೆ. ಪೈರು ಒಣಗ್ತಾ ಅದೆ."

"ಅಂಗಡಿ ಇಲ್ಲ ಕಣಪ್ಪ ಈಗ," ಅಂದರು ಮಾವ, ಅನ್ನುತ್ತಲೇ ಪಂಪಿನ ಹಗ್ಗ ಬಿಚ್ಚಿದರು. ತಲೆಕೆಳಗಾಗಿಟ್ಟ ಒಂದು ಮರದ ಪೆಟ್ಟಿಗೆ ಮೇಲೆ ಕೂತರು. ಬೇರಿಂಗು ಕೀಳುವ ಪುಲ್ಲರನ್ನು ಜರಡಿ ಬಾಗಿಲ ಮೇಲೆ ಹುಡುಕಿ ನಾನೇ ತೆಗೆದುಕೊಟ್ಟೆ. ಅತ್ತೆ ರೈತನಿಗೂ ಸೇರಿಸಿ ಕಾಫಿ ತಂದರು. ಕೊಟ್ಟವರು ಒಳಗೆ ಹೋಗದೆ ಗೇಟಿನ ಹತ್ತಿರ ನಿಂತೇ ಇದ್ದರು. ಮೊದಲ ಹನಿ ಬಿದ್ದಾಗ ಟಾರ್ಪಾಲು ತಂದು ರ‍್ಯಾಕುಗಳ ಮೇಲೆ ಎಳೆದವರೂ ಅವರೇ. ಒಂದು ತುದಿಯನ್ನು ಮಾವನ ತಲೆಯ ಮೇಲಕ್ಕೆ ಎಳೆದು ಕಟ್ಟಿದರು. ಮಾವ ತಲೆ ಎತ್ತಲಿಲ್ಲ.

ರಾತ್ರಿ ಮಾವ ಜಗಲಿಯಲ್ಲೇ ಮಲಗಿದರು. ನಾಯಿ ಬೊಗಳಿದರೂ ಎದ್ದರು, ಬೊಗಳದಿದ್ದರೂ ಎದ್ದರು.

ಭಾನುವಾರ ಬೆಳಕು ಹರಿಯುತ್ತಲೇ ಅತ್ತೆ ಷೆಡ್ಡಿನ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದರು. ನಾನು, ಮಾವ, ಕಂಡಕ್ಟರು ಮೊದಲ ರ‍್ಯಾಕಿಗೆ ಹೆಗಲು ಕೊಟ್ಟೆವು. ಅದು ಅಲುಗಲಿಲ್ಲ. ಇನ್ನೊಂದು ಸಲ ನೂಕಿದಾಗ ಒಂದು ಮೊಳ ಹೋಗಿ, ಚರಂಡಿ ಚಪ್ಪಡಿಯ ಸಂದಿಯಲ್ಲಿ ಚಕ್ರ ಸಿಕ್ಕಿಕೊಂಡು, ಇಡೀ ರ‍್ಯಾಕು ಕಂಡಕ್ಟರ ಕಡೆ ವಾಲಿತು. ಸ್ಪಾನರುಗಳೆಲ್ಲ ಒಟ್ಟಿಗೆ ಝಣ್ ಅಂದವು.

"ಸಾಯಿಸ್ತೀಯೇನ್ಲಾ!" ಕಂಡಕ್ಟರು ಎದೆಕೊಟ್ಟು ಹಿಡಿದು ಕೂಗಿದರು. "ನುಣ್ಣನೆ ನೆಲದ ಚಕ್ರ ಕಣ್ಲಾ ಇವು! ಬೀದೀಲಿ ತುಂಬ್ಸಿ ನೂಕಕ್ಕೆ ಯಾವ ಬುದ್ಧಿವಂತ ಏಳ್ದ?"

ನಿನ್ನೆಯಿಡೀ ನಮ್ಮ ಮೂವರಿಗೂ ಇದು ಹೊಳೆದಿರಲಿಲ್ಲ. ಜೋಡಿಸಿದ್ದನ್ನೆಲ್ಲ ಮತ್ತೆ ಕೆಳಗಿಳಿಸಬೇಕು. ಖಾಲಿ ರ‍್ಯಾಕು ಒಳಗೆ ನಿಲ್ಲಿಸಿ ಮತ್ತೆ ತುಂಬಬೇಕು. ಮಾವ ರಸ್ತೆಯಂಚಿಗೆ ಕೂತುಬಿಟ್ಟರು. "ಆಗಕಿಲ್ಲ. ನಾಳೆ ಬೆಳಗ್ಗೆ ಗುಜ್ರಿಯವ್ನು ಬತ್ತಾನೆ. ಅರ್ಧ ಅವ್ನಿಗೇ ಓಗ್ಲಿ ಬುಡು," ಅಂದರು. ಅವರ ಬಾಯಲ್ಲಿ ಆ ಮಾತು ಅದೇ ಮೊದಲು.

ಅತ್ತೆ ರಂಗೋಲಿ ಡಬ್ಬಿ ಇಟ್ಟು ಬಂದರು. ಒಂದು ಹಲಗೆಯ ಬೇರಿಂಗ್ ಡಬ್ಬಗಳನ್ನು ಮಡಿಲಿಗೆ ತುಂಬಿಕೊಂಡು ಷೆಡ್ಡಿನ ಕಡೆ ನಡೆದರು. ತಿರುಗಿ ಬಂದು ಇನ್ನೊಂದು ಹಲಗೆ. ಮೂರನೇ ಸಲ ಬಂದಾಗ ಮಾವನ ಮುಂದೆ ನಿಂತರು.

"ಅಂಗ್ಡಿ ಮುಚ್ಚಿದ್ ಮ್ಯಾಲೆ ನೀವು ಒಂದ್ ಕಡೆ ಕೂತಿದ್ದು ನಾನು ಕಂಡಿಲ್ಲ. ನೆನ್ನೆ ಆ ಪಂಪ್ ಮುಂದೆ ಕೂತಿದ್ರಿ. ಏಳಿ, ಭಾರದ್ದು ನನ್ ಕೈಲಾಗಕಿಲ್ಲ."

ಮಾವ ಎದ್ದರು. ಭಾರದ್ದನ್ನೆಲ್ಲ ಒಂದೊಂದಾಗಿ ಇಳಿಸಿದರು. ಖಾಲಿ ರ‍್ಯಾಕು ಮಗುವಿನ ಹಾಗೆ ಉರುಳಿಕೊಂಡು ಒಳಗೆ ಬಂತು. ಆಮೇಲೆ ಮೋಟಾರು, ವೈಸು ಕೆಳಗಿನ ಹಲಗೆಗೆ, ಹಗುರವೆಲ್ಲ ಮೇಲಕ್ಕೆ. ಸಂಜೆಯ ಹೊತ್ತಿಗೆ ಎರಡೂ ತುಂಬಿ, ಚೈನ್ ಪುಲ್ಲಿ ಒಂದು ಹೊರಗುಳಿಯಿತು. ಅದನ್ನು ಎಲ್ಲಿಟ್ಟರೂ ಹಲಗೆ ಬಗ್ಗುತ್ತಿತ್ತು. "ಮನೆ ಒಳ್ಗೆ ಮೆಟ್ಲು ಕೆಳ್ಗೆ ಜಾಗ ಅದೆ," ಅಂದರು ಅತ್ತೆ, ಕೋಣೆಯ ನೆಲ ಒರೆಸುತ್ತಾ.

ಸೋಮವಾರ ಗುಜರಿಯವನು ತಕ್ಕಡಿ ಸಮೇತ ಬಂದ. ಕರೆಸಿದ ಮೇಲೆ ಬರಿಗೈಲಿ ಕಳಿಸುವುದು ಚೆನ್ನಾಗಿರುವುದಿಲ್ಲ ಅಂತ ಅತ್ತೆ ಆ ಕೋಣೆಯಲ್ಲಿ ಮಾವನ ಸಾಮಾನಿನ ಭಾರಕ್ಕೆ ಕಾಲು ಮುರಿದಿದ್ದ ಮಗಳ ಹಳೇ ಕಬ್ಬಿಣದ ಮಂಚವನ್ನು ಹಾಕಿ ಕಳಿಸಿದರು. ಬುಧವಾರ ಮಗಳು ಬಂದಳು. ಕೋಣೆಗೆ ಮಾಡಲು ಹೇಳಿದ್ದ ಹೊಸ ಮರದ ಮಂಚ ಬರುವುದು ಎರಡು ದಿನ ತಡವಾಯಿತು. ಅಲ್ಲಿಯವರೆಗೆ ಅವಳು ಅಮ್ಮನ ಮಂಚದ ಮೇಲೆ ಮಲಗಿದಳು. ಅತ್ತೆ ಕೆಳಗೆ ಚಾಪೆ ಹಾಸಿಕೊಂಡರು.