ತಪ್ಪುಕಾಣಿಕೆಯ ಕಾಯಿ

ಜಗಳೂರಿನ ಚರ್ಚಿನಲ್ಲಿ ಕಸ ಗುಡಿಸುತ್ತಿದ್ದ ಅಜ್ಜಿಗೆ ಬಂದವರ ಊರು, ಕುಲ ಕೇಳುವ ಅಭ್ಯಾಸವಿರಲಿಲ್ಲ. ಚಾಪೆ ಬಿಡಿಸಿ, ಸೆರಗಿನಿಂದ ಧೂಳು ಒರೆಸಿ, "ಜಾಗ ಐತೆ, ಕುಂದ್ರಿ" ಅನ್ನುತ್ತಿದ್ದಳು. ಬಸ್ ತಪ್ಪಿದವರಿಗೂ ಅದೇ ಮಾತು, ಕುಡಿದು ಬಂದವರಿಗೂ ಅದೇ ಮಾತು.

ಗಂಡ ಬಿಟ್ಟ ನನ್ನ ತಂಗಿ ಮಗುವನ್ನೆತ್ತಿಕೊಂಡು ಮನೆಗೆ ಬಂದಾಗ, ಜನ ಏನಂದಾರೋ ಎಂದು ನಾನು ಬಾಗಿಲು ತೆರೆಯಲಿಲ್ಲ. ಅವಳಿಗೆ ಜಾಗ ಕೊಟ್ಟದ್ದು ಈ ಅಜ್ಜಿ. ಅದು ತಿಳಿದ ಮೇಲೂ ಮಳೆಗಾಲ ಕಳೆಯುವ ತನಕ ನನಗೆ ಅತ್ತ ಹೋಗುವ ಧೈರ್ಯವಾಗಲಿಲ್ಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು; ಆ ದೇವರ ಪದ್ಧತಿ ಗೊತ್ತಿರಲಿಲ್ಲ. ನಮ್ಮಲ್ಲಿ ತಪ್ಪು ಮಾಡಿದವರು ದೇವರಿಗೆ ತಪ್ಪುಕಾಣಿಕೆ ಕೊಡುತ್ತಾರೆ. ಹಾಗೆಂದೇ ಅರಿಶಿನ ಹಚ್ಚಿದ ತೆಂಗಿನಕಾಯಿ ಹಿಡಿದು ಚರ್ಚಿನ ಮೆಟ್ಟಿಲ ಕೆಳಗೆ ನಿಂತೆ.

"ಇದೇನಪ್ಪ?" ಎಂದಳು ಅಜ್ಜಿ.

"ತಪ್ಪುಕಾಣಿಕೆ. ಎಲ್ಲಿ ಇಡ್ಬೇಕು?"

ಅಜ್ಜಿ ನಕ್ಕಳು. "ನಮ್ಮ ಯೇಸಪ್ಪ ಎಲ್ಲರ ತಪ್ಪಿಗೂ ತನ್ನ ಜೀವಾನೇ ಕೊಟ್ಟಾನೆ. ನಿಂದೂ ಅದ್ರಾಗೇ ಬಂತು. ಇನ್ನು ಕಾಯಿ ತಗೊಂಡು ಏನ್ ಮಾಡ್ತಾನೆ? ಚಟ್ನಿಗಾದ್ರೂ ಆಗ್ತೈತೆ, ಕೊಡು."

ಅಜ್ಜಿಯ ಬೆನ್ನಿಗೇ ಚರ್ಚಿನ ಹಿಂದಿನ ಕೋಣೆಗೆ ಹೋದೆ. ಅಲ್ಲಿ ತಂಗಿ ರೊಟ್ಟಿ ತಟ್ಟುತ್ತಿದ್ದಳು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ. ಅಜ್ಜಿ ಕಾಯಿ ಒಡೆದು ಚಟ್ನಿ ಅರೆದಳು. ರೊಟ್ಟಿ ತಟ್ಟುವುದೂ ಮುಗಿಯಿತು. ನಾನು ಹೊಸ್ತಿಲಲ್ಲೇ ನಿಂತಿದ್ದೆ. ಅವತ್ತು ಅಜ್ಜಿ ತನ್ನ ಎಂದಿನ ಮಾತು ಹೇಳಲಿಲ್ಲ. ತಂಗಿಯ ಮುಖ ನೋಡುತ್ತ ಕುಳಿತಳು.

ಕೊನೆಗೆ ತಂಗಿ ಮಗುವನ್ನು ಮಡಿಲಿಗೆಳೆದುಕೊಂಡು ಚಾಪೆಯ ತುದಿಗೆ ಸರಿದಳು.

"ಜಾಗ ಐತೆ, ಕುಂದ್ರಣ್ಣ," ಅಂದಳು.