ಹೊಳಪಕ್ಕ ಉಜ್ಜಿದ ನಾಣ್ಯ

ನನ್ನ ತಂಗಿಯನ್ನು ಅವಳ ಹೆಸರು ಹಿಡಿದು ಯಾರೂ ಕರೆಯುವುದಿಲ್ಲ. ಬ್ಯಾಂಡ್ ವಾದ್ಯ ರಿಪೇರಿ ಮಾಡುವ ಅಂಗಡಿಯಲ್ಲಿ ಮೂವತ್ತೊಂದು ವರ್ಷ ಹಿತ್ತಾಳೆ ಕಹಳೆಗಳನ್ನು ಉಜ್ಜಿ ಉಜ್ಜಿ ಊರಿಗೆಲ್ಲ ಹೊಳಪಕ್ಕನಾದಳು. ಕೆಲಸ ಬಿಟ್ಟ ಮೇಲೂ ಅವಳ ಎಡಗೈ ಸುಮ್ಮನಿರದು. ಮಾತಾಡುತ್ತ ಕೂತರೆ ಬಾಗಿಲ ಹಿಡಿಕೆ, ಚಮಚ, ನನ್ನ ಕನ್ನಡಕ, ಏನು ಸಿಕ್ಕಿದರೂ ಒರೆಸುತ್ತಲೇ ಇರುತ್ತಾಳೆ.

ಅವಳ ಗಂಡ ಅಂಚೆ ಕಚೇರಿಯಿಂದ ನಿವೃತ್ತರು. ಅವರಿಗೆ ಹಳೆ ನಾಣ್ಯದ ಹುಚ್ಚು. ನಾಣ್ಯ ಸಂಗ್ರಹಿಸುವವರ ಸಂಘಕ್ಕೆ ಸೇರಬೇಕೆಂದು ಆಸೆ. ಸೇರಲು, ಪರೀಕ್ಷಕರು ದರ್ಜೆ ಕೊಟ್ಟ ನಾಣ್ಯ ಒಂದಾದರೂ ಇರಬೇಕು. ಹಿಂದೆ ಎರಡು ಸಲ ಕಳಿಸಿದ್ದು ಸವೆದಿದೆ ಎಂದು ವಾಪಸ್ಸು ಬಂದಿತ್ತು. ಈ ಸಲ ಎರಡು ಬೆಳ್ಳಿ ನಾಣ್ಯ ಆರಿಸಿಟ್ಟಿದ್ದರು. ಎರಡೂ ಬಾಣಲೆಯ ತಳದಷ್ಟು ಕಪ್ಪು.

ಪರೀಕ್ಷಕರ ಪತ್ರವನ್ನು ನಮಗೆ ಗಟ್ಟಿಯಾಗಿ ಓದಿದರು. "ಮೂಲ ಹೊಳಪು ಉಳಿದಿರುವ ನಾಣ್ಯಕ್ಕೆ ಹೆಚ್ಚಿನ ದರ್ಜೆ." ಓದಿಟ್ಟು ಕ್ಷೌರಕ್ಕೆ ಹೋದರು. ತಂಗಿಯ ಕಿವಿಗೆ ಬಿದ್ದದ್ದು ಹೊಳಪು ಅನ್ನುವ ಒಂದೇ ಮಾತು.

ಅವರು ಬರುವಷ್ಟರಲ್ಲಿ ಒಂದು ನಾಣ್ಯ ಕನ್ನಡಿಯಾಗಿತ್ತು. ಎರಡನೆಯದಕ್ಕೆ ಕೈ ಹಾಕಿದಾಗ ಪಾಲಿಷ್ ಡಬ್ಬಿ ಖಾಲಿ. ತಪ್ಪು ಅವಳೊಬ್ಬಳದೇ ಅಲ್ಲ. "ಅಂಚಿನಲ್ಲಿ ಇನ್ನೂ ಕಪ್ಪಿದೆ ನೋಡೇ" ಎಂದವಳು ನಾನೇ.

"ರೀ, ನೋಡಿ ಹೇಗೆ ಮಾಡಿದೀನಿ!"

ಅವರು ಕುರ್ಚಿಯಲ್ಲಿ ಕುಸಿದರು. "ಅಯ್ಯಯ್ಯೋ, ಏನೇ ಮಾಡ್ದೆ! ಉಜ್ಜಿದ ನಾಣ್ಯಕ್ಕೆ ದರ್ಜೆ ಕೊಡಲ್ಲ ಕಣೇ!"

"ಕೊಳೆ ತೆಗೆದ್ರೂ ತಪ್ಪಾ? ನಿಮ್ಮ ಸಂಘದಲ್ಲಿ ಯಾರೂ ಸ್ನಾನಾನೇ ಮಾಡಲ್ವಾ?"

ನಗು ತಡೆಯಲಾಗದೆ ನಾನು ಅಡುಗೆಮನೆಗೆ ಓಡಿದೆ.

ಮರುದಿನ ಮೂವರೂ ಪರೀಕ್ಷಕರ ಕೋಣೆಗೆ ಹೋದೆವು. ಅವರು ಹೊಳೆಯುವ ನಾಣ್ಯವನ್ನು ದೀಪದ ಕೆಳಗೆ ಓರೆಯಾಗಿ ಹಿಡಿದು, ಭೂತಗನ್ನಡಿಯನ್ನು ತಂಗಿಯ ಕೈಗೆ ಕೊಟ್ಟರು.

"ಏನು ಕಾಣುತ್ತಮ್ಮ?"

ತಂಗಿ ಬಹಳ ಹೊತ್ತು ನೋಡಿದಳು. "ಕೂದಲೆಳೆಯಂಥ ಗೆರೆ. ಎಲ್ಲಾ ಎಡಕ್ಕೆ ಸುತ್ತಿವೆ. ಇದು ನನ್ನ ಕೈಯೇ ಸಾರ್, ನಾನು ಎಡಚಿ."

ಪರೀಕ್ಷಕರು ನಕ್ಕರು. "ಅಚ್ಚು ಒತ್ತಿದಾಗ ಬಂದ ಹೊಳಪು ಈ ಕಪ್ಪಿನ ಕೆಳಗೇ ಇರುತ್ತೆ. ಉಜ್ಜಿದ್ರೆ ಆ ಪದರವೇ ಹೋಗುತ್ತೆ. ಈಗ ಇರೋದು ನಿಮ್ಮ ಹೊಳಪು, ನಾಣ್ಯದ್ದಲ್ಲ."

ಆಮೇಲೆ ಕಪ್ಪು ನಾಣ್ಯವನ್ನು ಮೆಲ್ಲಗೆ ತಿರುಗಿಸಿದರು. ಒಳಗಿನಿಂದ ಒಂದು ಬೆಳಕು ಚಕ್ರದ ಹಾಗೆ ಸುತ್ತಿತು. ತಂಗಿಯ ಗಂಡ ಮೇಜಿನ ಮೇಲೆ ಬಗ್ಗಿ ನೋಡಿದರು.

"ಇದನ್ನ ಯಾರೂ ಮುಟ್ಟಿಲ್ಲ. ಒಳ್ಳೇ ದರ್ಜೆಯೇ ಸಿಗುತ್ತೆ."

"ಅತ್ತಿಗೆ, ಆ ಖಾಲಿ ಡಬ್ಬಿ ಬಿಸಾಕಿಬಿಟ್ರಾ?" ಎಂದರು ತಂಗಿಯ ಗಂಡ ನನ್ನ ಕಡೆ ತಿರುಗಿ. "ಅದಕ್ಕೆ ಕೈ ಮುಗೀಬೇಕು ನಾನು."

ಈಗ ಅವರು ಸಂಘದ ಸದಸ್ಯರು. ಉಜ್ಜಿದ ನಾಣ್ಯವನ್ನೂ ಸಂಘದವರು ಕೇಳಿ ಪಡೆದು, ಹೊಸಬರಿಗೆ ಪಾಠವಾಗಲಿ ಎಂದು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಕೆಳಗೊಂದು ಚೀಟಿ: "ಹೀಗೆ ಮಾಡಬಾರದು." ತಂಗಿ ನನ್ನನ್ನು ಎಳೆದುಕೊಂಡು ಹೋಗಿ ತೋರಿಸಿದಳು.

"ಇಡೀ ಸಾಲಿನಲ್ಲಿ ಯಾವುದು ಹೊಳೀತಿದೆ, ನೀನೇ ಹೇಳಕ್ಕ" ಎನ್ನುತ್ತ ಕೈಬಟ್ಟೆ ತೆಗೆದು ಒರೆಸತೊಡಗಿದಳು.

ಹಿಂದಿನಿಂದ ಗಂಡನ ದನಿ ಬಂತು. "ಗಾಜು ಮಾತ್ರ ಕಣೇ! ಗಾಜು ಮಾತ್ರ!"