ಎಸಿ ಕೋಣೆಯ ಗಾಳಿ

ನಮ್ಮ ದೊಡ್ಡಪ್ಪನ ಮಗಳು ಶ್ರೀವಿದ್ಯಾ ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನಾನು ‘ಬೆಳಕು’ ಎಂದು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಅವಳು ಬಿಡುತ್ತಿರಲಿಲ್ಲ, ಕೂರಿಸಿ ವಿವರಿಸುತ್ತಿದ್ದಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಹರಳುಗಳು, ಹೆಸರು ಕ್ವಾಂಟಮ್ ಚುಕ್ಕೆ. ನೇರಳಾತೀತ ಟಾರ್ಚ್ ಹಿಡಿದರೆ ಕೆಂಪಗೆ ಹೊಳೆಯುತ್ತವೆ, ಗಾಳಿ ತಗುಲಿದರೆ ಕೆಡುತ್ತವೆ. ಅವಳು ಅವಕ್ಕೆ ಪಾಲಿಮರ್ ಹೊದಿಸಿ ತೆಳುವಾದ ಹಾಳೆ ಮಾಡಿದ್ದಳು. ಆ ಹೊದಿಕೆಯಿದ್ದರೆ ಗಾಳಿಯಲ್ಲಿಟ್ಟರೂ ಬೆಳಕು ಕುಂದುವುದಿಲ್ಲ, ಇನ್ನೂ ಏರುತ್ತದೆ ಎಂಬುದೇ ಅವಳ ಪಿಎಚ್‌ಡಿ. ಮದುವೆ, ನಿದ್ದೆ, ವಯಸ್ಸು ಎಲ್ಲವನ್ನೂ ಅದಕ್ಕೆ ಸುರಿದಿದ್ದಳು. ಆ ವರ್ಷದ ಕೊನೆಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿಯೇ ರದ್ದಾಗುತ್ತಿತ್ತು.

ನವರಾತ್ರಿಗೆ ಮದ್ರಾಸಿನ ವೇಲಚೇರಿಯ ಅವರ ಮನೆಯಲ್ಲಿ ಗೊಂಬೆ ಕೂರಿಸಿದಾಗ ಅಂಥ ಒಂದು ಹಾಳೆಯನ್ನು ಕೃಷ್ಣನ ಹಿಂದೆ ನಿಲ್ಲಿಸಿದಳು. ಸುಂಡಲ್ ಉಸಲಿಗೆಂದು ಬಂದ ಹೆಂಗಸರಿಗೆಲ್ಲ ದೊಡ್ಡಮ್ಮ ಭೀಮಾಬಾಯಿ ಟಾರ್ಚ್ ಹಿಡಿದು ತೋರಿಸಿದ್ದೇ ತೋರಿಸಿದ್ದು. ಮೊದಲೆರಡು ದಿನ ಹೊಳಪು ನಿಜಕ್ಕೂ ಏರಿತು.

“ನೋಡಿ ಮಾಮಿ, ನಿನ್ನೆಗಿಂತ ಜಾಸ್ತಿ ಹೊಳೀತಿದೆ. ನಮ್ಮ ವಿದ್ಯಾನೇ ಮಾಡಿದ್ದು,” ಎಂದು ದೊಡ್ಡಮ್ಮ ಉಬ್ಬಿಹೋದರು.

ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಸರಸ್ವತಿಯ ಮುಂದಿಟ್ಟರೆ ನಮ್ಮಲ್ಲಿ ವಿಜಯದಶಮಿಯವರೆಗೆ ಅವನ್ನು ಮುಟ್ಟುವುದಿಲ್ಲ. ದೊಡ್ಡಮ್ಮ ಆ ಹಾಳೆಯನ್ನೂ ಟಾರ್ಚನ್ನೂ ಪುಸ್ತಕದ ಮೇಲಿಟ್ಟುಬಿಟ್ಟರು.

“ಅದು ಪುಸ್ತಕ ಅಲ್ಲಮ್ಮಾ, ಸ್ಯಾಂಪಲ್,” ಎಂದಳು ಶ್ರೀವಿದ್ಯಾ.

“ನಿಂಗೆ ಅದೇ ತಾನೇ ಓದು? ಪರವಾ ಇಲ್ಲೆ, ದಶಮಿ ತನಕ ಇರಲಿ.”

ಹೊರಗೆ ಮಳೆ ಹಿಡಿದಿತ್ತು. ಕಿಟಕಿ ತೆರೆದೇ ಇತ್ತು, ಗೋಡೆಗಳೆಲ್ಲ ಬೆವರುತ್ತಿದ್ದವು.

ದಶಮಿಯ ಬೆಳಗ್ಗೆ ಪುನಃಪೂಜೆ ಮುಗಿಸಿ ಅವಳು ಟಾರ್ಚ್ ಹಿಡಿದಳು. ಹಾಳೆಯಲ್ಲಿ ಕೆಂಪು ಇದೆಯೋ ಇಲ್ಲವೋ ಎಂಬಂತಿತ್ತು. ಬ್ಯಾಟರಿ ಹೋಗಿರಬೇಕು ಎಂದರು ದೊಡ್ಡಮ್ಮ. ಅವಳು ಟಾರ್ಚನ್ನು ನನ್ನ ಕಡೆ ತಿರುಗಿಸಿದಳು, ಸೋಪಿನ ಪುಡಿಯಲ್ಲಿ ಒಗೆದ ನನ್ನ ಬಿಳಿ ಅಂಗಿ ನೀಲಿಯಾಗಿ ಹೊಳೆಯಿತು. ಬ್ಯಾಟರಿ ಚೆನ್ನಾಗಿಯೇ ಇತ್ತು.

ಲ್ಯಾಬಿನಲ್ಲಿ ಅವಳು ಗಾಳಿ ಎಂದುಕೊಂಡದ್ದು ಎಸಿ ಹಾಕಿ ಒಣಗಿಸಿದ ಗಾಳಿ. ಮದ್ರಾಸಿನ ಗಾಳಿಯಲ್ಲಿ ಅರ್ಧ ನೀರೇ. ಈ ಊರಲ್ಲೇ ಹುಟ್ಟಿ ಬೆಳೆದವಳು ಈ ಊರಿನ ಗಾಳಿಯನ್ನೇ ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ ಎಂದು ನನಗೆ ಸಿಟ್ಟು ಬಂತು. ಮುಂದಿನ ವಾರಗಳಲ್ಲಿ ಅವಳು ಒಂದನ್ನು ಎಸಿ ಕೋಣೆಯಲ್ಲೇ ಬಿಟ್ಟು, ಉಳಿದ ಹಾಳೆಗಳನ್ನು ತೇವದ ಪೆಟ್ಟಿಗೆಯಲ್ಲಿಟ್ಟು ಅಳೆದಳು. ಎಲ್ಲವೂ ಮೊದಲು ಚೂರು ಏರಿ, ಆಮೇಲೆ ನಂದಿಹೋದವು. ಆ ಮೊದಲಿನ ಏರಿಕೆಯನ್ನೇ ಅವಳು ಇಷ್ಟು ವರ್ಷ ಗೆಲುವೆಂದು ನಂಬಿದ್ದಳು.

ಅವಳ ಮಾರ್ಗದರ್ಶಕರು ಪದ್ಮನಾಭ, ಮೈಸೂರು ಕಡೆಯವರು. “ಎಸಿ ಗಾಳಿನೂ ಗಾಳಿನೇ ಕಣಮ್ಮ. ಬರೆದಿದ್ದನ್ನ ಹಾಗೇ ಕೊಡು, ಸಹಿ ಹಾಕ್ತೀನಿ,” ಎಂದರು.

“ಗೊತ್ತಾದ ಮೇಲೂ ಬರೆದ್ರೆ ಸುಳ್ಳಾಗುತ್ತೆ ಸರ್.”

“ಹಾಗಾದ್ರೆ ಕೊಡೋಕೆ ಇನ್ನೇನಿದೆ ನಿನ್ನ ಹತ್ರ?”

ಅವಳ ಹತ್ತಿರ ಏನೂ ಇರಲಿಲ್ಲ. ನೋಂದಣಿ ರದ್ದಾಯಿತು. ಈಗ ತಾಂಬರಂನಲ್ಲಿ ಒಂದು ಟ್ಯೂಷನ್ ಸೆಂಟರಿನಲ್ಲಿ ಪಾಠ ಹೇಳುತ್ತಾಳೆ. ಮನೆಯಲ್ಲಿ ಮಾತು ಕಡಿಮೆಯಾಗಿದೆ, ದೊಡ್ಡಮ್ಮ ಎಲ್ಲಕ್ಕೂ ದೃಷ್ಟಿ ತಾಗಿದ್ದೇ ಕಾರಣ ಎನ್ನುತ್ತಾರೆ.

ಹೋದ ತಿಂಗಳು ನಾನು ಅವರ ಮನೆಯಲ್ಲಿದ್ದಾಗ ಅವಳಿಗೊಂದು ಫೋನ್ ಬಂತು, ಸ್ಪೀಕರಿಗೆ ಹಾಕಿದಳು. ರಚನಾ ಎಂಬ ಹೊಸ ವಿದ್ಯಾರ್ಥಿನಿಗೆ ಪದ್ಮನಾಭ ಅದೇ ವಿಷಯವನ್ನು ಕೊಟ್ಟಿದ್ದರು.

“ಅಕ್ಕಾ, ನೀವು ಎಸಿ ರೂಮಲ್ಲಿ ಬಿಟ್ಟುಹೋದ ಹಾಳೆ ಇನ್ನೂ ಹೊಳೀತಿದೆ. ಬಂದೋರಿಗೆಲ್ಲ ಸರ್ ತೋರಿಸ್ತಾರೆ. ಅದನ್ನ ಹೇಗೆ ಮಾಡಿದ್ರಿ ಅಂತ ಹೇಳ್ತೀರಾ?”

ಶ್ರೀವಿದ್ಯಾ ಹೇಗೆ ಮಾಡಿದಳೆಂದೂ ಹೇಳಿದಳು, ಹೊರಗಿನ ತೇವದಲ್ಲಿ ಅದು ಹೇಗೆ ನಂದಿತೆಂದೂ ಹೇಳಿದಳು, ಏನನ್ನೂ ಮುಚ್ಚಿಡಲಿಲ್ಲ.

“ಅಕ್ಕಾ,” ಎಂದಳು ರಚನಾ ಕೊನೆಗೆ, “ಎರಡನೇದನ್ನ ನೀವು ನಂಗೆ ಹೇಳ್ಲೇ ಇಲ್ಲ ಅಂತ ಇಟ್ಕೊಳ್ಳೋಣ್ವಾ?”